ಎಕ್ಸ್‌ರೇ ಕೋಣೆಗೆ ಬೆಳಕು ಬಂದದ್ದು

ಐವತ್ತು ದಾಟಿದ ಮನುಷ್ಯನ ಎದುರಿಗೆ ಯಾರೂ ಆಡಬಾರದ ಮಾತು ಒಂದಿದೆ. "ಇದು ಭಾಳ ಸರಳ ಐತ್ರಿ, ಸಣ್ಣ ಹುಡುಗ್ರೂ ಮಾಡ್ತಾವ" ಎಂಬುದೇ ಆ ಮಾತು. ಹೇಳುವವರು ಧೈರ್ಯ ತುಂಬಲೆಂದೇ ಹೇಳುತ್ತಾರೆ, ನನಗೆ ಗೊತ್ತು. ಆದರೆ ಸಣ್ಣ ಹುಡುಗರು ಏನೇನೋ ಮಾಡುತ್ತಾರೆ. ಬೇವಿನ ಮರ ಹತ್ತುತ್ತಾರೆ, ಬಾವಿಗೆ ತಲೆಕೆಳಗಾಗಿ ಧುಮುಕುತ್ತಾರೆ, ಬಿದ್ದರೆ ಮೊಣಕಾಲಿಗೆ ಎಂಜಲು ಹಚ್ಚಿಕೊಂಡು ಮತ್ತೆ ಓಡುತ್ತಾರೆ. ನಾನು ಬಿದ್ದರೆ ನನ್ನ ಎಕ್ಸ್‌ರೇಯನ್ನು ನಾನೇ ತೆಗೆದುಕೊಳ್ಳಬೇಕು. ನಮ್ಮ ದವಾಖಾನೆಯಲ್ಲಿ ಆ ಕೆಲಸಕ್ಕೆ ಇರುವವನು ನಾನೊಬ್ಬನೇ.

ದವಾಖಾನೆ ಎಂದರೆ ಯಲಬುರ್ಗಾದ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದ ಒಂದು ಖಾಸಗಿ ದವಾಖಾನೆ. ದೊಡ್ಡ ಡಾಕ್ಟರು ಕಟ್ಟಿಸಿದ್ದು. ಈಗ ಅವರ ಮಗಳು, ನಾವೆಲ್ಲ ಸಣ್ಣ ಡಾಕ್ಟರಮ್ಮ ಎಂದು ಕರೆಯುವವರು, ನೋಡಿಕೊಳ್ಳುತ್ತಾರೆ. ಸುತ್ತಲ ಹಳ್ಳಿಯವರು ನನ್ನನ್ನು "ಎಕ್ಸರಾ ಶರಣಪ್ಪ" ಎನ್ನುತ್ತಾರೆ. ಕೆಲವರು "ಫೋಟೊ ಮಾಸ್ತರ" ಎಂದೂ ಕರೆಯುವುದುಂಟು. ಒಬ್ಬ ಗೌಡರು ಎದೆಯ ಎಕ್ಸ್‌ರೇಗೆ ಬಂದವರು ಕಿಸೆಯಿಂದ ಬಾಚಣಿಗೆ ತೆಗೆದು ಮೀಸೆ ತೀಡಿಕೊಂಡು, "ನಗಬೇಕೋ, ಹಂಗ ನಿಂದ್ರಬೇಕೋ?" ಎಂದು ಕೇಳಿದ್ದರು. ಉಸಿರು ಹಿಡಿದು ನಿಂತರೆ ಸಾಕು ಎಂದೆ. ಇಷ್ಟು ಗಂಭೀರವಾದ ಫೋಟೊವನ್ನು ಅವರು ಜನ್ಮದಲ್ಲಿ ತೆಗೆಸಿಕೊಂಡಿರಲಾರರು.

ಚಿತ್ರ ತೆಗೆಯುವುದು ನನ್ನ ಕೆಲಸ. ಆದರೆ ಅದು ಅರ್ಧ ಕೆಲಸ ಮಾತ್ರ. ಇನ್ನರ್ಧ ಪಕ್ಕದ ಕತ್ತಲೆ ಕೋಣೆಯಲ್ಲಿ ನಡೆಯುತ್ತಿತ್ತು. ಫಿಲ್ಮು ಇದ್ದ ಚಪ್ಪಟೆ ಡಬ್ಬಿಯನ್ನು ನಾನು ಗೋಡೆಯ ಕಿಂಡಿಯಲ್ಲಿ ದೂಡಿದರೆ ಆ ಕಡೆಯಿಂದ ಎರಡು ಕೈ ಬಂದು ಎಳೆದುಕೊಳ್ಳುತ್ತಿದ್ದವು. ಅವು ಯಮನೂರಪ್ಪನ ಕೈ. ತಳಕಲ್ಲಿನಿಂದ ದಿನಾ ಬಸ್ಸಿಗೆ ಬರುವ, ನನಗಿಂತ ನಾಲ್ಕಾರು ವರ್ಷ ದೊಡ್ಡವನಾದರೂ ನನ್ನನ್ನು "ಸರ" ಎನ್ನುವ, ಕುಳ್ಳಗಿನ ದುಂಡು ಮನುಷ್ಯ. ಕೆಂಪು ಬಲ್ಬಿನ ಮಂದ ಬೆಳಕಿನಲ್ಲಿ ಫಿಲ್ಮನ್ನು ಉಕ್ಕಿನ ಚೌಕಟ್ಟಿಗೆ ಸಿಕ್ಕಿಸಿ ಮೊದಲು ಒಂದು ಔಷಧದ ತೊಟ್ಟಿಯಲ್ಲಿ, ಆಮೇಲೆ ನೀರಿನಲ್ಲಿ, ಮತ್ತೆ ಇನ್ನೊಂದು ಔಷಧದಲ್ಲಿ ಅದ್ದಿ, ಕೊನೆಗೆ ಮತ್ತೊಮ್ಮೆ ನೀರಿನಲ್ಲಿ ತೊಳೆದು ತಂತಿಗೆ ನೇತು ಹಾಕುವುದು ಅವನ ಕೆಲಸ. ಕರವಸ್ತ್ರ ಒಣ ಹಾಕಿದ ಹಾಗೆ ತಾಲ್ಲೂಕಿನವರ ಎಲುಬುಗಳು ಅಲ್ಲಿ ಸಾಲಾಗಿ ತೂಗುತ್ತಿದ್ದವು. ಅವನ ಉಗುರುಗಳು ಔಷಧ ಕುಡಿದು ಕುಡಿದು ಕಂದಾಗಿದ್ದವು. ಹಬ್ಬದ ದಿನ ಎಷ್ಟು ತಿಕ್ಕಿದರೂ ಬಣ್ಣ ಹೋಗುತ್ತಿರಲಿಲ್ಲ.

ಫಿಲ್ಮು ಔಷಧದಲ್ಲಿ ಎಷ್ಟು ಹೊತ್ತು ಇರಬೇಕೆಂಬುದಕ್ಕೆ ಗೋಡೆಯ ಮೇಲೆ ಗಡಿಯಾರವಿತ್ತು. ಕತ್ತಲೆಯಲ್ಲಿ ಅದು ಕಾಣುತ್ತಿರಲಿಲ್ಲ ಎಂಬ ಒಂದೇ ಕೊರತೆ. ಆದ್ದರಿಂದ ಯಮನೂರಪ್ಪ ಹಾಡುತ್ತಿದ್ದ. ಭಜನೆಯ ಪದದ ಒಂದು ನುಡಿ ಮುಗಿದರೆ ಫಿಲ್ಮು ಎತ್ತಬೇಕು, ಅದು ಲೆಕ್ಕ. ಹೆಂಡತಿ ಹನುಮವ್ವನ ಜೊತೆ ಜಗಳ ಮಾಡಿಕೊಂಡು ಬಂದ ದಿನ ಅವನು ಸರಸರನೆ ಹಾಡಿ ಮುಗಿಸುತ್ತಿದ್ದ, ಫಿಲ್ಮು ಬೆಳ್ಳಗಾಗಿ ಬರುತ್ತಿತ್ತು. ಮನೆಯಲ್ಲಿ ಎಲ್ಲ ಚೆನ್ನಾಗಿದ್ದರೆ ರಾಗ ಎಳೆದೂ ಎಳೆದೂ ಹಾಡುತ್ತಿದ್ದ, ಫಿಲ್ಮು ಕಪ್ಪಿಡುತ್ತಿತ್ತು. ದೊಡ್ಡ ಡಾಕ್ಟರು ಬೆಳ್ಳಗಿನ ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿ, ರೋಗಿಯ ಸಮಾಚಾರ ಕೇಳುವುದಕ್ಕೂ ಮೊದಲು, "ಯಾಕೋ ಯಮನೂರಪ್ಪ, ಇವತ್ತು ರೊಟ್ಟಿ ಕಟ್ಟಿಲ್ಲೇನು ಹನುಮವ್ವ?" ಎಂದು ಕೇಳುತ್ತಿದ್ದರು.

ಆದರೂ ಆ ಕೋಣೆಗೆ ಒಂದು ಗತ್ತಿತ್ತು. ಇಡೀ ಕಟ್ಟಡದಲ್ಲಿ ದೊಡ್ಡ ಡಾಕ್ಟರು ಕೂಡ ಬಾಗಿಲು ಬಡಿದು, "ಬರಲೇನೋ?" ಎಂದು ಕೇಳಿ ಒಳಗೆ ಹೋಗಬೇಕಾದ ಜಾಗ ಅದೊಂದೇ. ಬೆಳಕು ಬಿದ್ದರೆ ಫಿಲ್ಮು ಹಾಳು. ಈ ಅಧಿಕಾರವನ್ನು ಯಮನೂರಪ್ಪ ಸಂಯಮದಿಂದ ಬಳಸುತ್ತಿದ್ದ ಎಂದು ಬರೆದರೆ ಸುಳ್ಳಾಗುತ್ತದೆ. "ಫಿಲ್ಮ್ ಹೊರಗ ಐತ್ರಿ, ಬಾಗಲಾ ತಗೀಬ್ಯಾಡ್ರಿ!" ಎಂದು ಒಳಗಿನಿಂದ ಕೂಗುವ ದನಿಯಲ್ಲಿ ಎಷ್ಟೋ ಸಲ ರೊಟ್ಟಿಯ ತುತ್ತು ಇರುತ್ತಿತ್ತು. ಪುಂಡಿಪಲ್ಯದ ವಾಸನೆ ಕಿಂಡಿಯಿಂದ ನನ್ನ ಕಡೆಗೂ ಬರುತ್ತಿತ್ತು. ನನ್ನ ಪಾಲು ಆಮೇಲೆ ಅದೇ ಕಿಂಡಿಯಿಂದ ಬರುತ್ತಿದ್ದುದರಿಂದ ನಾನು ಈ ವಿಷಯದಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಹೀಗೆ ನಮ್ಮಿಬ್ಬರ ತಲೆಗೂದಲು ಬೆಳ್ಳಗಾಗುವ ತನಕ ನಡೆದಿತ್ತು. ಒಂದು ದಿನ ಸಣ್ಣ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದು ಕೂರಿಸಿ, ಚಹಾ ತರಿಸಿದರು. ಚಹಾ ತರಿಸಿದಾಗಲೇ ನನ್ನ ಎದೆ ಹಾರಿತು. ಹಳೆಯ ಮಷಿನ್ನು ತೆಗೆದು ಡಿಜಿಟಲ್ ಮಷಿನ್ನು ತರುತ್ತೇವೆ, ಇನ್ನು ಫಿಲ್ಮು ಇಲ್ಲ, ಔಷಧ ಇಲ್ಲ, ಬಟನ್ ಒತ್ತಿದರೆ ಚಿತ್ರ ಕಂಪ್ಯೂಟರಿನಲ್ಲೇ ಮೂಡುತ್ತದೆ ಎಂದರು. ಯಮನೂರಪ್ಪ ಚಹಾದ ಕಪ್ಪನ್ನು ಕೆಳಗಿಟ್ಟು, "ಮತ್ತ ತೊಳಿಯೋದು?" ಎಂದ. ತೊಳೆಯುವುದು ಇರುವುದಿಲ್ಲ ಎಂದರು ಅವರು. "ತೊಳಿಲಾರದ ಹೆಂಗ್ರಿ ಮೇಡಂ, ಹಸಿ ಹಸಿ ಬರತೈತೇನ್ರಿ ಅದು?" ಎಂದು ಅವನು ಮತ್ತೆ ಕೇಳಿದ. ಅವರಿಗೆ ನಗು ಬಂತು, ಆದರೆ ನಗಲಿಲ್ಲ. ಒಳ್ಳೆಯ ಹೆಣ್ಣುಮಗಳು. "ನಿಮ್ಮನ್ನ ಬಿಡೂದಿಲ್ಲ ಯಮನೂರಪ್ಪ. ನೀವೂ ಹೊಸಾದು ಕಲೀರಿ. ಶರಣಪ್ಪ ಸರ ಚಿತ್ರ ತಗೀತಾರ, ನೀವು ಕಂಪ್ಯೂಟರಿನ್ಯಾಗ ಪೇಶಂಟ್ ಹೆಸರು ತುಂಬ್ರಿ. ಇಂಗ್ಲಿಷ್ ಅಕ್ಷರ ಬಂದ್ರ ಸಾಕು" ಎಂದರು.

ಮಷಿನ್ನು ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ ಪೂಜೆ ಮಾಡಿದೆವು. ಕಾಯಿ ಒಡೆಯುವ ಮರ್ಯಾದೆ ಯಮನೂರಪ್ಪನಿಗೆ ಸಿಕ್ಕಿತು. ತನ್ನ ಹೊಟ್ಟೆಯ ಮೇಲೆ ಕಲ್ಲು ಹಾಕಲು ಬಂದ ಮಷಿನ್ನಿನ ಮುಂದೆ ಅಷ್ಟು ಭಕ್ತಿಯಿಂದ ಕಾಯಿ ಒಡೆದವನನ್ನು ನಾನು ಬೇರೆ ನೋಡಿಲ್ಲ. ಕಾಯಿ ನೀರು ವೈರುಗಳ ಕಡೆಗೆ ಹರಿಯುವುದನ್ನು ನೋಡಿ ಹುಬ್ಬಳ್ಳಿಯಿಂದ ಬಂದಿದ್ದ ಇಂಜಿನಿಯರು ಕಿರುಚಿಕೊಂಡು ತನ್ನ ಕರವಸ್ತ್ರದಿಂದಲೇ ಒರೆಸಿದ.

ಅದೇ ಇಂಜಿನಿಯರು ನನಗೆ ಪಾಠ ಹೇಳಿದ. ಸಂಜೆಯ ಬಸ್ಸು ತಪ್ಪೀತೆಂಬ ಆತುರದಲ್ಲಿ ಅವನು ಕ್ಲಿಕ್ಕು, ಡಬಲ್ ಕ್ಲಿಕ್ಕು, ಡ್ರ್ಯಾಗು ಎಂದು ಉಸಿರು ಬಿಡದೆ ಹೇಳುತ್ತಿದ್ದ. ಬಾಣದ ಗುರುತನ್ನು ಬಲಕ್ಕೆ ಒಯ್ಯಿರಿ ಎಂದ. ನಾನು ಮೌಸನ್ನು ಬಲಕ್ಕೆ ಒಯ್ಯುತ್ತ ಒಯ್ಯುತ್ತ ಟೇಬಲ್ಲಿನ ಅಂಚಿಗೆ ಬಂದು, "ಟೇಬಲ್ ಮುಗೀತ್ರಿ, ಮುಂದ ಎಲ್ಲಿಗೆ ಒಯ್ಯಲಿ?" ಎಂದು ಕೇಳಿದೆ. ಆತ ನನ್ನ ಮುಖವನ್ನೇ ನೋಡಿ, "ಎತ್ತಿ ಹಿಂದಕ್ಕೆ ಇಡ್ರಿ ಸರ. ಭಾಳ ಸರಳ ಐತಿ, ಸಣ್ಣ ಹುಡುಗ್ರೂ..." ಎಂದ. ನಾನು ಮೊದಲೇ ಹೇಳಿದೆನಲ್ಲ, ಆ ಮಾತು.

ಮೊದಲ ವಾರ ನಾನು ಮಾಡಿದ ಅನಾಹುತಗಳಿಗೆ ಲೆಕ್ಕವಿಲ್ಲ. ಕಿನ್ನಾಳದ ಅಜ್ಜನೊಬ್ಬನ ಮೊಣಕಾಲು ಕುಷ್ಟಗಿಯ ಹೆಣ್ಣುಮಗಳ ಹೆಸರಿಗೆ ಜಮಾ ಆಗಿ, ಅಜ್ಜನಿಗೆ ಅವನ ಮೊಣಕಾಲು ವಾಪಸ್ ಸಿಗುವಷ್ಟರಲ್ಲಿ ಸಂಜೆಯಾಯಿತು. ಇನ್ನೊಬ್ಬರ ಬೆನ್ನನ್ನು ತೆಗೆದು, ಉಳಿಸುವ ಬಟನ್ ಬದಲು ಅಳಿಸುವ ಬಟನ್ ಒತ್ತಿದೆ. ಪ್ರತಿ ತಪ್ಪಿಗೂ ಯಮನೂರಪ್ಪ ನನ್ನ ಕುರ್ಚಿಯ ಹಿಂದೆ ನಿಂತು, "ಇರ್ಲಿ ಬಿಡ್ರಿ ಸರ, ಮಷಿನ್ನೂ ಹೊಸಾದೈತಿ. ಅದಕೂ ನಿಮ್ಮ ಕೈ ರೂಢಿ ಆಗಬೇಕಲ್ಲ" ಎನ್ನುತ್ತಿದ್ದ. ಮನೆಯಲ್ಲಿ ನನ್ನ ಹೆಂಡತಿ ಗಿರಿಜಾಗೆ ಇದನ್ನೆಲ್ಲ ಹೇಳಿದರೆ, "ಮದುವ್ಯಾದ ಹೊಸದಾಗಿ ಮಿಕ್ಸರ್ ತಂದಾಗ ಮುಚ್ಚಳಾ ಹಾಕದ ಶುರು ಮಾಡಿದ್ರಲ್ಲ, ಗ್ವಾಡಿ ತುಂಬ ಚಟ್ನಿ. ಆಮ್ಯಾಲೆ ಕಲಿಲಿಲ್ಲೇನು? ಇದೂ ಬರತೈತಿ ತಗೋರಿ" ಎಂದಳು. ಸಮಾಧಾನವೋ ಅವಮಾನವೋ ತಿಳಿಯದ ಮಾತುಗಳನ್ನು ಆಡುವುದರಲ್ಲಿ ಅವಳು ಗಟ್ಟಿ. ಆದರೆ ಅವಳು ಹೇಳಿದ್ದೇ ನಿಜವಾಯಿತು. ತಿಂಗಳೊಪ್ಪತ್ತಿನಲ್ಲಿ ನನಗೆ ಮಷಿನ್ನು ಬಂತು.

ಯಮನೂರಪ್ಪನದು ಹೆಚ್ಚು ಕಷ್ಟದ ದಾರಿ. ಅವನು ಕನ್ನಡ ಸಾಲಿಯನ್ನೂ ಪೂರ್ತಿ ಮುಗಿಸಿದವನಲ್ಲ. ಮಧ್ಯಾಹ್ನ ರೋಗಿಗಳು ತೆಳುವಾದ ಮೇಲೆ ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕೂತು ಏಬಿಸಿಡಿ ತಿದ್ದುತ್ತಿದ್ದೆವು. ಅಕ್ಷರಗಳು ಅವನಿಗೆ ನೆನಪು ನಿಲ್ಲುತ್ತಿರಲಿಲ್ಲ. ಕೊನೆಗೆ ಅವನೇ ಒಂದು ಉಪಾಯ ಕಂಡುಕೊಂಡ. ಇಷ್ಟು ವರ್ಷ ಕೆಂಪು ಬೆಳಕಿನಲ್ಲಿ ನೋಡಿದ್ದು ಎಲುಬುಗಳನ್ನೇ ತಾನೆ? "ಸಿ ಅಂದ್ರ ಪಕ್ಕೆಲುವು. ಎಸ್ ಅಂದ್ರ ಡೊಂಕ ಬೆನ್ನೆಲುವು. ಓ ಅಂದ್ರ ತಲಿಬುರುಡಿ. ಎಲ್ ಅಂದ್ರ ಮಡಚಿದ ಮೊಣಕೈ, ಹೌದಲ್ರಿ ಸರ?" ಎಂದ. ಹೌದು ಎಂದೆ. ಅಂದಿನಿಂದ ಅಕ್ಷರಗಳು ಅವನ ಕೈಗೆ ಸಿಗತೊಡಗಿದವು. ಕಂದು ಉಗುರಿನ ಒಂದೇ ಬೆರಳಿನಿಂದ ಕೀಲಿಗಳ ಮೇಲೆ ಪಕ್ಕೆಲುಬು ಎಲ್ಲಿದೆ, ಬುರುಡೆ ಎಲ್ಲಿದೆ ಎಂದು ಹುಡುಕಿ ಹುಡುಕಿ ಒತ್ತುತ್ತಿದ್ದ.

ನಮ್ಮ ಕಡೆಯ ಹೆಸರುಗಳೂ ಕನಿಕರವಿಲ್ಲದವು. ರವಿ, ಉಮಾ ಎಂಬ ಸಣ್ಣ ಹೆಸರಿನವರು ಯಾರೂ ಕಾಯಿಲೆ ಬೀಳುವುದಿಲ್ಲ. ಬೀಳುವವರೆಲ್ಲ ಗುರುಶಾಂತಪ್ಪ, ಚನ್ನಬಸವ್ವ, ವಿರೂಪಾಕ್ಷಗೌಡ. ಯಮನೂರಪ್ಪ ಮೊದಲ ಬಾರಿ ಗುರುಶಾಂತಪ್ಪನನ್ನು ಬರೆದು ಮುಗಿಸುವುದರೊಳಗೆ ಗುರುಶಾಂತಪ್ಪ ಹೊರಗೆ ಹೋಗಿ ಚಹಾ ಕುಡಿದು, ಒಂದು ಪ್ಲೇಟು ಮಿರ್ಚಿ ತಿಂದು ಬಂದಿದ್ದ. ಆದರೆ ಹೆಸರು ಸರಿಯಾಗಿತ್ತು. ಒಂದಕ್ಷರವೂ ತಪ್ಪಿರಲಿಲ್ಲ. ಯಮನೂರಪ್ಪ ಕುರ್ಚಿ ಹಿಂದೆ ಸರಿಸಿ, ದೂರ ನಿಂತು, ಪರದೆಯ ಮೇಲಿದ್ದ ಆ ಹೆಸರನ್ನು ನೋಡಿದ. ಹೋಗುವ ಬರುವ ನರ್ಸುಗಳನ್ನೆಲ್ಲ ಕರೆದು, "ನೋಡ್ರವ್ವಾ, ಇದು ನಾ ಬರದದ್ದು" ಎಂದ. ಅವನ ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದು ಸಂಜೆ ಬಸ್ಸಿಗೆ ಹೋಗುವಾಗ ಅವನು ದಾರಿಯ ಅಂಗಡಿ ಬೋರ್ಡುಗಳನ್ನೆಲ್ಲ ಎಲುಬೆಲುಬಾಗಿ ಬಿಡಿಸಿ ಓದುತ್ತ ಹೋಗಿದ್ದನಂತೆ, ಬಸ್ಸು ತಪ್ಪಿತಂತೆ.

ಹೀಗೆ ಅವನ ಕೈ ಕುದುರುತ್ತ ಬಂದಾಗಲೇ ದವಾಖಾನೆಗೆ ಇನ್ನೊಂದು ಹೊಸ ವ್ಯವಸ್ಥೆ ಬಂತು. ರೋಗಿ ಬಾಗಿಲಲ್ಲಿ ಚೀಟಿ ಮಾಡಿಸುವಾಗಲೇ ಅಲ್ಲಿಯವರು ಹೆಸರು ಹೊಡೆಯುತ್ತಾರೆ. ಆ ಹೆಸರು ವೈರಿನೊಳಗಿಂದ ಹಾದು ತಾನಾಗಿಯೇ ನಮ್ಮ ಎಕ್ಸ್‌ರೇ ಕೋಣೆಯ ಪರದೆಗೆ ಬಂದು ಕೂರುತ್ತದೆ. ಯಾರೂ ಬರೆಯಬೇಕಾಗಿಲ್ಲ. ಮೊದಲ ದಿನ ಮುಂಜಾನೆ ಯಮನೂರಪ್ಪ ಕೈ ಒರೆಸಿಕೊಂಡು ಕೀಲಿಮಣೆಯ ಮುಂದೆ ಕೂತು, "ಹೆಸರ ಏನವ್ವಾ?" ಎಂದು ಒಬ್ಬ ಹೆಣ್ಣುಮಗಳನ್ನು ಕೇಳಿದ. ಅವಳು ಹೇಳುವ ಮೊದಲೇ ಪರದೆಯ ಮೇಲೆ ಅವಳ ಹೆಸರು, ಊರು, ವಯಸ್ಸು ಎಲ್ಲ ಬಂದು ನಿಂತಿತ್ತು. ಅವನು ಅಷ್ಟೂ ಅಕ್ಷರಗಳನ್ನು ನಿಧಾನವಾಗಿ ಓದಿಕೊಂಡ. ನನ್ನ ಕಡೆ ತಿರುಗಿ, "ಬರೋಬ್ಬರಿ ಐತ್ರಿ ಸರ, ಒಂದೂ ತಪ್ಪಿಲ್ಲ" ಎಂದ. ಎದ್ದು ಕುರ್ಚಿಯನ್ನು ನನ್ನ ಕಡೆಗೆ ಸರಿಸಿ ಹೊರಗೆ ಹೋದ.

ಸಣ್ಣ ಡಾಕ್ಟರಮ್ಮ ಕೊಟ್ಟ ಮಾತು ತಪ್ಪಲಿಲ್ಲ. ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಪಗಾರ ಅಷ್ಟೇ ಇಟ್ಟು, ಗೇಟಿನಲ್ಲಿ ನಿಂತು ಗಾಡಿ ಸರಿಸುವುದು, ನಡೆಯಲಾರದವರನ್ನು ಗಾಲಿ ಕುರ್ಚಿಯಲ್ಲಿ ಒಳಗೆ ತರುವುದು, ಈ ಕೆಲಸ ಕೊಟ್ಟರು. ಕತ್ತಲೆ ಕೋಣೆಯ ತೊಟ್ಟಿಗಳನ್ನು ಗುಜರಿಯವನು ಒಯ್ದ. ಗೋಡೆಗೆ ಕಿಟಕಿ ಹೊಡೆಸಿ, ಸುಣ್ಣ ಬಳಿಸಿ, ಕಂಪ್ಯೂಟರಿನ ಬ್ಯಾಟರಿಗಳನ್ನು ಅಲ್ಲಿಟ್ಟರು. ಮೊದಲ ಸಲ ಅಲ್ಲಿ ಬಿಸಿಲು ಬಿದ್ದಾಗ ನಾನು ಹೋಗಿ ನೋಡಿದೆ. ಎಷ್ಟು ಸಣ್ಣ ಕೋಣೆ! ಅದರೊಳಗೆ ಒಬ್ಬ ಮನುಷ್ಯ, ನಾಲ್ಕು ತೊಟ್ಟಿ, ಒಂದು ಭಜನೆ ಮತ್ತು ರೊಟ್ಟಿ ಬುತ್ತಿ ಹೇಗೆ ಹಿಡಿದಿದ್ದವೋ.

ಗೇಟಿನ ಬಿಸಿಲು ಯಮನೂರಪ್ಪನಿಗೆ ಹಿಡಿಸಲಿಲ್ಲ. ಜೀವಮಾನವೆಲ್ಲ ಕತ್ತಲೆಯಲ್ಲಿ ಬಿಟ್ಟ ಕಣ್ಣು ಯಲಬುರ್ಗಾದ ಬಿಸಿಲಿಗೆ ದಳದಳ ನೀರು ಸುರಿಸುತ್ತಿತ್ತು. ದವಾಖಾನೆಯ ಗೇಟಿನಲ್ಲಿ ಕಣ್ಣೀರು ಹಾಕುತ್ತ ನಿಂತವನನ್ನು ನೋಡಿದರೆ ಒಳಗೆ ಬರುವ ರೋಗಿಗಳ ಜೀವ ಏನಾಗಬೇಡ? ಒಂದಿಬ್ಬರು ಹಾಗೆಯೇ ಹಿಂದಕ್ಕೆ ಹೋದರಂತೆ. "ಅಳಾಕತ್ತಿಲ್ರೀ, ಬಿಸಲಿಗಿ ಹಿಂಗ ಆಕೈತಿ, ನೀವು ಒಳಗ ನಡೀರಿ" ಎಂದು ಅವನು ಒಬ್ಬೊಬ್ಬರಿಗೂ ಸಮಜಾಯಿಷಿ ಹೇಳಬೇಕಾಯಿತು. ನಾನು ಒಂದು ಕಪ್ಪು ಕನ್ನಡಕ ತಂದು ಕೊಟ್ಟೆ. ಅದನ್ನು ಹಾಕಿಕೊಂಡು ನಿಂತ ಮೇಲೆ ಜನ ಅವನನ್ನು ಕಣ್ಣಿನ ಆಪರೇಷನ್ ಆದವನೆಂದು ತಿಳಿದು, "ಇಲ್ಲಿ ಕಣ್ಣೂ ನೋಡ್ತಾರೇನ್ರಿ?" ಎಂದು ಕೇಳತೊಡಗಿದರು. ಈ ಕತೆ ಹೇಳಿ ಅವನೂ ನಗುತ್ತಿದ್ದ, ನಾನೂ ನಗುತ್ತಿದ್ದೆ. ಆದರೆ ಗೇಟಿನಲ್ಲಿ ಅವನು ಹಾಡಿದ್ದನ್ನು ನಾನು ಕೇಳಲಿಲ್ಲ.

ನಕ್ಕಾಗ ಅವನಿಗೆ ಕೆಮ್ಮು ಬರುತ್ತಿತ್ತು. ಗೇಟಿನ ಧೂಳು ಎಂದ. ಮಳೆ ಬಿದ್ದು ಧೂಳು ಕೂತ ಮೇಲೂ ಕೆಮ್ಮು ಕೂರಲಿಲ್ಲ. ಥಂಡಿ ಎಂದ. ಸಣ್ಣ ಡಾಕ್ಟರಮ್ಮ ಒಂದು ದಿನ ಗದರಿಸಿ, "ಮೊದಲು ಎಕ್ಸ್‌ರೇ ತಗಿಸ್ಕೊಂಡು ಬರ್ರಿ" ಎಂದು ನನ್ನ ಕಡೆ ಕಳಿಸಿದರು. ಅಷ್ಟು ವರ್ಷ ಆ ಗೋಡೆಯ ಆಚೆಗಿದ್ದವನು ಅಂದು ಮೊದಲ ಬಾರಿ ರೋಗಿಯಾಗಿ ಬಂದ. "ನನ್ನದೂ ಒಂದ್ ಫೋಟೊ ತಗೀರಿ ಮಾಸ್ತರ" ಎಂದು ಕೀಟಲೆ ಮಾಡುತ್ತ ಅಂಗಿ ಬಿಚ್ಚಿದ. ಗದ್ದ ಎತ್ತಿಸಿ, ಭುಜ ಮುಂದೆ ಮಾಡಿಸಿ ನಿಲ್ಲಿಸಿದೆ. "ಉಸುರು ಎಳಕೋ. ಹಿಡಿ" ಎಂದೆ. ಬಟನ್ ಒತ್ತಿದೆ.

ಹಳೆಯ ಮಷಿನ್ನಿನಲ್ಲಿ ಚಿತ್ರ ತೆಗೆದ ಮೇಲೆ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಫಿಲ್ಮು ತೊಟ್ಟಿಯಲ್ಲಿ ಇರುವಷ್ಟು ಹೊತ್ತು ರೋಗಿಗೂ ಏನೂ ಗೊತ್ತಿಲ್ಲ, ನನಗೂ ಏನೂ ಗೊತ್ತಿಲ್ಲ. ಮಳೆ ಬೆಳೆ ಮಾತಾಡುತ್ತಿದ್ದೆವು. ಫಿಲ್ಮು ಒಣಗಿ ಡಾಕ್ಟರ ಟೇಬಲ್ಲಿಗೆ ಹೋಗುವ ಹೊತ್ತಿಗೆ ರೋಗಿ ಅಂಗಿ ಹಾಕಿಕೊಂಡು ಹೊರಗಿನ ಬೆಂಚಿನ ಮೇಲಿರುತ್ತಿದ್ದ. ನನ್ನ ಮುಖ ನೋಡುವ ಪ್ರಸಂಗವೇ ಅವನಿಗೆ ಬರುತ್ತಿರಲಿಲ್ಲ. ಹೊಸ ಮಷಿನ್ನು ಆ ಹೊತ್ತನ್ನು ನುಂಗಿಬಿಟ್ಟಿದೆ. ರೋಗಿ ಇನ್ನೂ ಉಸಿರು ಬಿಟ್ಟಿರುವುದಿಲ್ಲ, ಚಿತ್ರ ನನ್ನ ಕಣ್ಣ ಮುಂದೆ ಇರುತ್ತದೆ. ಇಂಜಿನಿಯರು ಎಲ್ಲ ಬಟನ್ನುಗಳನ್ನೂ ಹೇಳಿಕೊಟ್ಟಿದ್ದ. ಆಗ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಹೇಳಿಕೊಟ್ಟಿರಲಿಲ್ಲ.

ಬಲಗಡೆಯ ಶ್ವಾಸಕೋಶದಲ್ಲಿ ಬೆಳ್ಳಗೆ, ಅಂಗೈ ಅಗಲದ ನೆರಳಿತ್ತು. ನಾನು ಡಾಕ್ಟರಲ್ಲ. ಆದರೆ ಅಂಥ ನೆರಳು ನೋಡಿದ್ದೆ, ಆಮೇಲೆ ಆ ಜನ ಮತ್ತೆ ಬರದೆ ಇದ್ದುದನ್ನೂ ನೋಡಿದ್ದೆ. ಬೇರೆ ರೋಗಿಯಾಗಿದ್ದರೆ ನಿಂತಲ್ಲೇ ನಿಂತಿರುತ್ತಿದ್ದ. ಯಮನೂರಪ್ಪ ಮನೆಯವನು. ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಸೀದಾ ನನ್ನ ಕುರ್ಚಿಯ ಹಿಂದೆ ಬಂದು ನಿಂತ. ಪರದೆಯನ್ನು ನೋಡಿದ. ಅವನಿಗೆ ರೋಗ ಓದಲು ಬರುತ್ತಿರಲಿಲ್ಲ. ಚಿತ್ರ ಸ್ವಚ್ಛವಾಗಿ ಮೂಡಿದೆಯೋ ಇಲ್ಲವೋ ಎಂಬುದಷ್ಟೇ ಅವನು ಜೀವಮಾನವಿಡೀ ನೋಡಿದ್ದು.

"ಭಾಳ ಛಲೋ ಬಂದೈತ್ರಿ ಸರ" ಎಂದ. "ನಾ ಎಷ್ಟ್ ತೊಳದ್ರೂ ಇಷ್ಟ್ ಸ್ವಚ್ಛ ಬರ್ತಿದ್ದಿಲ್ಲ ನೋಡ್ರಿ."

ಅವನು ಪರದೆ ಬಿಟ್ಟು ನನ್ನ ಕಡೆ ನೋಡಿದ. "ಯಾಕ್ರಿ, ಮಾರಿ ಸಣ್ಣ ಮಾಡೀರಿ?"

"ಏನಿಲ್ಲೋ, ಕಂಪ್ಯೂಟರ್ ಹ್ಯಾಂಗ್ ಆಗೈತಿ" ಎಂದೆ.

"ಹ್ಯಾಂಗ್ ಆದಾಗ ನೀವು ಬೈತೀರಿ ಸರ, ಹಿಂಗ ಸುಮ್ಮ ಕುಂದ್ರಂಗಿಲ್ಲ" ಎಂದ. ಅಂಗಿ ತೊಟ್ಟುಕೊಂಡು, ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. "ಡಾಕ್ಟರಮ್ಮಾರಿಗಿ ನಾನ ಹೇಳ್ಲ್ಯಾ, ನೀವ ಹೇಳ್ತೀರ್ಯಾ?" ಎಂದ. ಅವನ ಕಾಯಿಲೆಯನ್ನು ಅವನಿಗೆ ತಿಳಿಸಿದ್ದು ಡಾಕ್ಟರಲ್ಲ, ಅಷ್ಟು ಬೆಲೆಬಾಳುವ ಮಷಿನ್ನೂ ಅಲ್ಲ. ಐವತ್ತು ವರ್ಷ ಬಳಸಿಯೂ ನನಗೆ ಹತೋಟಿಗೆ ಬರದ ಈ ಮುಖ.

ಹುಬ್ಬಳ್ಳಿಗೆ ಕಳಿಸಿದರು. ಸಣ್ಣ ಡಾಕ್ಟರಮ್ಮ ತಾವೇ ಫೋನ್ ಮಾಡಿ ಎಲ್ಲ ಗೊತ್ತು ಮಾಡಿದರು. ಕೆಲವು ತಿಂಗಳು ಅಲ್ಲಿಗೂ ಇಲ್ಲಿಗೂ ಓಡಾಡಿ, ಕೊನೆಗೆ ಮನೆಯಲ್ಲೇ ಇರಲಿ ಎಂದು ಅಲ್ಲಿಯವರು ಹೇಳಿ ಕಳಿಸಿದರು. ಒಂದು ಭಾನುವಾರ ತಳಕಲ್ಲಿಗೆ ಹೋದೆ. ದುಂಡಗಿದ್ದ ಮನುಷ್ಯ ಗೋಡೆಗೆ ಒರಗಿಸಿಟ್ಟ ಕೋಲಿನ ಹಾಗಾಗಿದ್ದ. ಹನುಮವ್ವ ಚಹಾ ಕೊಟ್ಟು, ಬಾಗಿಲಿಗೆ ಒರಗಿ ನಿಂತಳು. ಅವನು ಮೊದಲು ಕೇಳಿದ್ದು ಮಷಿನ್ನಿನ ಸಮಾಚಾರ. ಚೆನ್ನಾಗಿದೆ ಎಂದೆ. "ನನ್ನ ಫೋಟೊ ಐತೇನ್ರಿ ನಿಮ್ಮ ಹಂತ್ಯಾಕ?" ಎಂದ. ಮೊದಲಾದರೆ ಫಿಲ್ಮನ್ನು ಲಕೋಟೆಯಲ್ಲಿ ಹಾಕಿ ರೋಗಿಗೇ ಕೊಡುತ್ತಿದ್ದೆವು. ಈಗ ಎಲ್ಲ ಫೋನಿನಲ್ಲಿ. ನನ್ನ ಫೋನು ತೆಗೆದು ಚಿತ್ರವನ್ನು ಹುಡುಕಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಎರಡು ಬೆರಳಿನಿಂದ ಅಂಚಿನಲ್ಲಿ ಹಿಡಿದು, ಹಸಿ ಫಿಲ್ಮು ಹಿಡಿದ ಹಾಗೆಯೇ, ಅಂಗಳದ ಬೆಳಕಿಗೆ ಎತ್ತಿ ಹಿಡಿದ. ಬಿಸಿಲಿಗೆ ಪರದೆ ಥಳಥಳ ಹೊಳೆದು ಏನೂ ಕಾಣಲಿಲ್ಲ. ಆ ಕಡೆ ಈ ಕಡೆ ಹೊರಳಿಸಿ ನೋಡಿದ.

"ಬೆಳಕಿಗಿ ಹಿಡಿಬಾರದೋ, ನೆಳ್ಳಿನ್ಯಾಗ ನೋಡಬೇಕು" ಎಂದೆ.

"ಹೌದಲ್ರಿ, ಈಗೆಲ್ಲಾ ತಿರುವುಮುರುವು" ಎಂದು ನಕ್ಕ. ಕೆಮ್ಮು ಬಂತು. ಹನುಮವ್ವ ಬಂದು ಬೆನ್ನು ನೀವಿದಳು.

ಹಿಂಗಾರಿ ಜೋಳ ಕೊಯ್ಯುವ ಹೊತ್ತಿಗೆ ಅವನು ಹೋದ. ಹೊಲದಲ್ಲಿದ್ದ ಜನ ಕೆಲಸ ನಿಲ್ಲಿಸಿ ಬಂದರು. ಸಣ್ಣ ಡಾಕ್ಟರಮ್ಮ ಬಂದರು. ದೊಡ್ಡ ಡಾಕ್ಟರು ಕೋಲು ಊರಿಕೊಂಡು ಬಂದು ಅವನನ್ನು ಹೂಳುವ ಎರೆಹೊಲದ ಬದುವಿನ ಮೇಲೆ ಬಹಳ ಹೊತ್ತು ನಿಂತರು. ಮಣ್ಣು ಮುಗಿಸಿ ಹೊರಡುವಾಗ ಹನುಮವ್ವ ನನ್ನನ್ನು ಪಕ್ಕಕ್ಕೆ ಕರೆದು, "ಸಾಹೇಬರಾ, ಕತ್ತಲ ಕೋಣ್ಯಾಗ ಭಾಳ ಛಂದ ಹಾಡ್ತಿದ್ದನಂತಲ್ರಿ? ನರ್ಸಬಾಯಿ ಹೇಳಿದ್ಲು. ಮನ್ಯಾಗ ಒಂದ ದಿನಾನೂ ಹಾಡ್ಲಿಲ್ಲ ನೋಡ್ರಿ. ಏನ ಹಾಡ್ತಿದ್ದ?" ಎಂದಳು. ಅಷ್ಟು ವರ್ಷ ಕಿಂಡಿಯ ಈ ಕಡೆ ಕೂತು ಕೇಳಿದ ಪದ. ಒಂದು ನುಡಿಯೂ ಬಾಯಿಗೆ ಬರಲಿಲ್ಲ. ಆಗಲೂ ನನ್ನ ಮುಖವೇ ಅವಳಿಗೆ ಉತ್ತರ ಹೇಳಿರಬೇಕು. "ಹೋಗ್ಲಿ ಬಿಡ್ರಿ, ನೀವ್ಯಾಕ ಅಳ್ತೀರಿ" ಎಂದು ಅವಳೇ ನನಗೆ ಸಮಾಧಾನ ಹೇಳಿ ಕಳಿಸಿದಳು.

ಈ ಮುಖಕ್ಕೂ ಒಂದು ತರಬೇತಿ ಬೇಕೆಂದು ನಾನು ತೀರ್ಮಾನಿಸಿದ್ದು ಆಮೇಲೆ. ಹೇಗೂ ಮಷಿನ್ನು ಕಲಿತಾಗಿದೆ, ಇದೊಂದು ಯಾವ ದೊಡ್ಡ ವಿದ್ಯೆ? ಮುಂಜಾನೆ ಗಡ್ಡ ಮಾಡಿಕೊಂಡ ಮೇಲೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಶುರು ಮಾಡಿದೆ. ಹುಬ್ಬು ಏರಬಾರದು, ತುಟಿ ಇಳಿಯಬಾರದು, ಕಣ್ಣು ಎಲ್ಲೂ ನಿಲ್ಲಬಾರದು. ಒಳಗೆ ಏನೇ ಇರಲಿ, ಹೊರಗೆ ನಿಂತ ನೀರಿನ ಹಾಗಿರಬೇಕು. ಗಿರಿಜಾ ಒಂದೆರಡು ದಿನ ಸುಮ್ಮನೆ ನೋಡಿ ಮೂರನೆಯ ದಿನ, "ಈ ವಯಸ್ಸಿನ್ಯಾಗ ಯಾರಿಗಿ ತೋರ್ಸಾಕ್ರಿ ಇಷ್ಟ್ ಕನ್ನಡಿ?" ಎಂದಳು. ವಿಷಯ ಹೇಳಿದೆ. ಅವಳು ನಗಲಿಲ್ಲ. ಚಹಾ ತಂದಿಟ್ಟು ಒಳಗೆ ಹೋದಳು. ನನ್ನ ಸಾಧನೆ ದಿನೇ ದಿನೇ ಗಟ್ಟಿಯಾಯಿತು. ಮುರಿದ ಕೈ, ಊದಿದ ಮಂಡಿ, ಬೆಳ್ಳಗಿನ ನೆರಳು, ಯಾವುದು ಬಂದರೂ ನನ್ನ ಮುಖ ಒಂದೇ. ಸಣ್ಣ ಡಾಕ್ಟರಮ್ಮ ಕೂಡ ಒಮ್ಮೆ, "ಸರ, ನೀವು ಈಗ ಭಾಳ ಪ್ರೊಫೆಶನಲ್ ಆಗೀರಿ" ಎಂದರು. ಒಳಗೊಳಗೇ ಹಿಗ್ಗಿದೆ. ಹೊರಗೆ ತೋರಿಸಲಿಲ್ಲ, ವಿದ್ಯೆಯೇ ಅದು.

ಹೋದ ವಾರ ಕುಷ್ಟಗಿಯ ಕಡೆಯ ಅಜ್ಜಿಯೊಬ್ಬಳನ್ನು ಮಗಳು ಕರೆದುಕೊಂಡು ಬಂದಿದ್ದಳು. ಕೆಮ್ಮು. ನಿಲ್ಲಿಸಿದೆ, ಉಸಿರು ಹಿಡಿಸಿದೆ, ಬಟನ್ ಒತ್ತಿದೆ. ಚಿತ್ರ ಬಂತು. ಇಪ್ಪತ್ತು ವರ್ಷದ ಹುಡುಗಿಗೂ ಇರಲಾರದಂಥ ಸ್ವಚ್ಛವಾದ ಶ್ವಾಸಕೋಶ. ಎಲ್ಲೂ ಒಂದು ಚುಕ್ಕೆಯಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬುವುದೊಂದು ಬಾಕಿ. ಆದರೆ ಅಭ್ಯಾಸ ಎಲ್ಲಿ ಹೋಗಬೇಕು? ನಿಂತ ನೀರಿನ ಮುಖ ಮಾಡಿಕೊಂಡು ಹೊರಗೆ ಬಂದು, "ಡಾಕ್ಟರ ಕಡೆ ಹೋಗ್ರಿ" ಎಂದೆ.

ಅಜ್ಜಿ ನನ್ನ ಮುಖ ನೋಡಿದಳು. ಅಲ್ಲೇ ಸ್ಟೂಲಿನ ಮೇಲೆ ಕುಕ್ಕರಿಸಿ ಕೂತಳು. ಮಗಳ ಕೈ ಹಿಡಿದು, "ಯವ್ವಾ, ಮುಗೀತ ನೋಡು ನಂದು. ಎಮ್ಮಿ ನಿನಗ. ತಾಮ್ರದ ಹಂಡೇವು ತಂಗಿಗಿ. ಸ್ವಸಿಗಿ ಏನೂ ಕೊಡಬ್ಯಾಡ" ಎಂದು ಆಸ್ತಿ ಹಂಚತೊಡಗಿದಳು. ಮಗಳು ಗೋಳೋ ಎಂದು ಅತ್ತಳು. "ಏನೂ ಆಗಿಲ್ಲಬೇ, ಗಟ್ಟಿ ಅದಿ" ಎಂದು ನಾನು ಎಷ್ಟು ಹೇಳಿದರೂ ನಂಬುವವರಿಲ್ಲ. ಗದ್ದಲ ಕೇಳಿ ಸಣ್ಣ ಡಾಕ್ಟರಮ್ಮ ಓಡಿ ಬಂದರು. ಚಿತ್ರ ನೋಡಿ, ಅಜ್ಜಿಯ ಬೆನ್ನು ತಟ್ಟಿ ನಕ್ಕ ಮೇಲೆ, ಅವರ ನಗು ನೋಡಿ ಅಜ್ಜಿ ನಂಬಿದಳು. ಎಮ್ಮೆ ಹಂಡೆಗಳನ್ನೆಲ್ಲ ವಾಪಸ್ ಪಡೆದುಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಾಗಿಲು ದಾಟಿದವಳು ಏನೋ ನೆನಪಾದಂತೆ ತಿರುಗಿ ಬಂದು, ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ತಮ್ಮಾ" ಎಂದಳು, "ನಂದೇನೂ ಇಲ್ಲಂತ. ಮತ್ತ ನಿನಗೇನಾಗೈತಿ? ಇಲ್ಲೇ ಕೆಲಸಾ ಮಾಡ್ತಿ, ಒಮ್ಮೆ ತೋರಿಸ್ಕೊಬಾರದ?"